ನಿದ್ದೆಗೆಡಿಸಿದವರು

ನಮ್ಮೂರಲ್ಲಿ ನಿದ್ದೆಗೆಟ್ಟವರ ಕಣ್ಣಡಿಯಲ್ಲಿ ಕಪ್ಪು ಕಟ್ಟುವುದಿಲ್ಲ. ಅವರ ನಿದ್ದೆ ಯಾರಿಂದ ಕೆಟ್ಟಿತೋ ಅವರ ಕಣ್ಣಡಿಯಲ್ಲಿ ಕಟ್ಟುತ್ತದೆ. ಬೇರೆ ಊರಿಂದ ಮದುವೆಯಾಗಿ ಬಂದ ಸೊಸೆಯರಿಗೆ ಇದು ಮೊದಮೊದಲು ವಿಚಿತ್ರವೆನಿಸುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅವರೂ ಬೆಳಿಗ್ಗೆ ಕಾಫಿಗೆ ನೀರಿಡುವ ಮೊದಲು ಅತ್ತೆಯ ಮುಖ ನೋಡುವುದನ್ನು ಕಲಿಯುತ್ತಾರೆ, ಅತ್ತೆ ಅವರ ಮುಖ ನೋಡುತ್ತಾಳೆ. ಹಸುಗೂಸುಗಳ ಕಣ್ಣ ಸುತ್ತ ಕಪ್ಪು ಇದ್ದೇ ಇರುತ್ತದೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ, “ಅಮ್ಮನ್ನ ಎಷ್ಟು ಕಾಡಿದ್ಯೋ ಕಳ್ಳ” ಎಂದು ಕೆನ್ನೆ ಹಿಂಡುತ್ತಾರೆ. ಹರೆಯದ ಹುಡುಗಿಯ ಕಣ್ಣಡಿ ತೆಳ್ಳಗೆ ನೆರಳು ಕಂಡರೆ, ಹುಡುಗ ಯಾರೆಂದು ಗೆಳತಿಯರು ಪ್ರಾಣ ತಿನ್ನುತ್ತಾರೆ. ಮಿಕ್ಕವರಿಗೆ ಮಾತ್ರ ಅದು ನಾಚಿಕೆಗೇಡು. ಬಾಣಂತಿಯಿರುವ ಮನೆಯನ್ನು ಖಾಲಿ ಮಾಡಿಸಿದ ಮಾಲೀಕ, ತಂಗಿಯ ಪಾಲಿನ ಹೊಲದಲ್ಲಿ ತಾನೇ ಉತ್ತ ಅಣ್ಣ, ಎಲ್ಲರೂ ಮುಖದಲ್ಲೇ ಸಿಕ್ಕಿಬೀಳುತ್ತಾರೆ. ಶಾಲೆ, ಆಸ್ಪತ್ರೆ, ಪುರಸಭೆಯ ಕೆಲಸದವರು ಪ್ರತಿ ಸೋಮವಾರ ಪೂರ್ವದ ಕಿಟಕಿಯ ಬೆಳಕಿಗೆ ಮುಖವೊಡ್ಡಿ ತೋರಿಸಬೇಕು. ಕಪ್ಪಿದ್ದರೆ ಅದು ಹೋಗುವ ತನಕ ಮನೆಯಲ್ಲಿರಬೇಕು. ಇದಕ್ಕೆ ನಾವು ‘ಕಿಟಕಿ ನೋಡುವುದು’ ಎನ್ನುತ್ತೇವೆ.

ನಾನು ವನಜಾಕ್ಷಿ. ಹಳೇ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಹುಬ್ಬು ತೀಡುವುದು, ಮದುಮಗಳ ಅಲಂಕಾರ ಎಲ್ಲ ಇದ್ದರೂ ನನ್ನಲ್ಲಿಗೆ ಬರುವ ಮುಕ್ಕಾಲು ಮಂದಿ ಬರುವುದು ಕಣ್ಣಡಿಯ ಕಪ್ಪಿಗೆ. ಕುರ್ಚಿಯಲ್ಲಿ ಒರಗಿಸಿ, ಮೊದಲು ರೆಪ್ಪೆಯ ಕೆಳಗಿನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡುತ್ತೇನೆ. ಒಳಗೆ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ, ಡಾಕ್ಟರ ಹತ್ತಿರ ಹೋಗಿ ಎನ್ನುತ್ತೇನೆ. ಸದಾ ನೆಗಡಿಯಾಗಿ ಕಣ್ಣುಜ್ಜಿಕೊಳ್ಳುವವರ ಕಪ್ಪು ಬೇರೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಹುಟ್ಟಿನಲ್ಲೇ ಬಂದ ಕಂದು ಇನ್ನೂ ಬೇರೆ, ಅದು ಅವರ ಬಣ್ಣ ಅಷ್ಟೆ. ಅಂಥವರಿಗೆ ನಾನು ಚೀಟಿ ಬರೆದುಕೊಟ್ಟರೆ ಕಿಟಕಿ ನೋಡುವವರು ಒಪ್ಪುತ್ತಾರೆ. ಉಳಿದವರಿಗೆ ತಣ್ಣನೆ ಹಾಲಿನಲ್ಲಿ ಅದ್ದಿದ ಹತ್ತಿ, ಸೌತೆಕಾಯಿ ಬಿಲ್ಲೆ, ಎರಡು ಹನಿ ಬಾದಾಮಿ ಎಣ್ಣೆ. ಅದೆಲ್ಲ ಕಣ್ಣಿಗೆ ಒಂದಿಷ್ಟು ತಂಪು, ಅಷ್ಟೇ. ಸೌತೆಕಾಯಿ ಇಟ್ಟು ಕಣ್ಣು ಮುಚ್ಚಿಸಿದ ಮೇಲೆ, “ಯಾರ ನಿದ್ದೆ ಕೆಡಿಸಿದ್ರಿ?” ಎಂದು ಕೇಳುತ್ತಿದ್ದೆ. ಕಣ್ಣು ಮುಚ್ಚಿದಾಗ ಜನ ಸುಳ್ಳು ಹೇಳುವುದು ಕಡಿಮೆ. ಹೇಳುತ್ತಿದ್ದರು, ಅಳುತ್ತಿದ್ದರು, ಎದ್ದು ಹೋಗಿ ನಿದ್ದೆಗೆಟ್ಟವರ ಬಾಗಿಲು ತಟ್ಟುತ್ತಿದ್ದರು. ಒಬ್ಬಾಕೆ ಸೊಸೆಯ ಕೊರಳಿನ ಚಿನ್ನದ ಅಡ್ಡಿಕೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ಕಳೆದುಹೋಯಿತೆಂದು ಅಬ್ಬರಿಸಿದ್ದಳು. ಹಿಂದಿರುಗಿಸಿದ ಮೂರನೇ ದಿನಕ್ಕೆ ಮುಖ ತಿಳಿಯಾಯಿತು.

ಆರು ವರ್ಷದ ಹಿಂದೆ ‘ಶುಭ್ರನಯನ’ ಮುಲಾಮು ಬಂತು. ಕೆರೆಯ ಹಿಂದೆ ಸೋಪಿನ ಪುಡಿಯ ಕಾರ್ಖಾನೆ ಇಟ್ಟಿದ್ದ ಶ್ರೀಕಂಠಪ್ಪನವರು ಅದನ್ನು ಮಾಡಿ ಮಾರತೊಡಗಿದರು. ಅವರೇ ಪುರಸಭೆಯ ಅಧ್ಯಕ್ಷರು. ಅಂಗೈಯಗಲದ ತಗಡಿನ ಡಬ್ಬಿ, ಒಳಗೆ ಬೆಣ್ಣೆಯಂಥ ಬಿಳಿ. ದಿನಕ್ಕೆರಡು ಸಲ ಹಚ್ಚಿದರೆ ಮೂರು ದಿನದಲ್ಲಿ ಎಂಥ ಕಪ್ಪೂ ಮಾಯ. ಯಾರನ್ನೂ ಕ್ಷಮೆ ಕೇಳಬೇಕಿಲ್ಲ, ಯಾರ ಬಾಗಿಲೂ ತಟ್ಟಬೇಕಿಲ್ಲ. ನನಗೂ ಸಲೀಸಾಯಿತು, ಸುಳ್ಳೇಕೆ ಹೇಳಲಿ. ಅಳುವವರನ್ನು ಸಮಾಧಾನ ಮಾಡುವ ಕೆಲಸ ತಪ್ಪಿತು. ಕಪಾಟಿನ ತುಂಬ ಡಬ್ಬಿ ಜೋಡಿಸಿದೆ. ಊರಿನ ಮುಖವೆಲ್ಲ ತೊಳೆದ ತಟ್ಟೆಯ ಹಾಗೆ ಹೊಳೆಯಿತು. ಮನೆ ಖಾಲಿ ಮಾಡಿಸುವವರು ನಿಶ್ಚಿಂತೆಯಿಂದ ಖಾಲಿ ಮಾಡಿಸಿದರು. ಅಣ್ಣತಮ್ಮಂದಿರ ಜಗಳ ವರ್ಷಗಟ್ಟಲೆ ಬೆಳೆಯಿತು. ನಾನು ಯಾರನ್ನೂ ಏನೂ ಕೇಳುವುದನ್ನು ಬಿಟ್ಟೆ.

ಕಳೆದ ಶ್ರಾವಣದಲ್ಲಿ ಹಿಟ್ಟಿನ ಗಿರಣಿಯ ಪುಟ್ಟಗೌರಮ್ಮ ತನ್ನ ಮಗಳು ಗೌತಮಿಯನ್ನು ಕರೆತಂದಳು. ಹುಡುಗಿಗೆ ಹತ್ತೊಂಬತ್ತು ವರ್ಷ. ತಾಯಿ ಗೊತ್ತುಮಾಡಿದ ಗಂಡು ಬೇಡವೆಂದು ಒಂದು ತಿಂಗಳಿಂದ ಹಟ ಹಿಡಿದಿದ್ದಳು. ತಾಯಿಗೆ ನಿದ್ದೆಯಿಲ್ಲ, ಹುಡುಗಿಯ ಕಣ್ಣಡಿಯಲ್ಲಿ ಬೆರಳಗಲ ಕಪ್ಪು. “ಭಾನುವಾರ ಗಂಡಿನವರು ಮತ್ತೆ ಬರ್ತಾರೆ ವನಜಕ್ಕ. ಈ ಮುಖ ಇಟ್ಕೊಂಡು ಹೆಂಗೆ ಕೂರಿಸ್ಲಿ?” ಎಂದಳು ಪುಟ್ಟಗೌರಮ್ಮ. ಹುಡುಗಿ, “ನಂಗೆ ಹಚ್ಚಬೇಡಿ, ಇರ್ಲಿ ಬಿಡಿ” ಎಂದಳು. ನಾನು ತಾಯಿಯ ಮಾತು ಕೇಳಿದೆ. ಬೇಗ ಹೋಗಲೆಂದು ದಪ್ಪಗೆ ಹಚ್ಚಿದೆ, ಹೊಸ ಡಬ್ಬಿಯೊಂದನ್ನೂ ಕೈಗೆ ಕೊಟ್ಟು ಕಳಿಸಿದೆ.

ನಾಲ್ಕನೇ ದಿನ ಹುಡುಗಿಯ ಕಣ್ಣಡಿಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದುಬಂತು. ಆರನೇ ದಿನಕ್ಕೆ ಎರಡು ಕಣ್ಣೂ ಬಾತುಕೊಂಡು ತೆರೆಯಲಾಗದ ಹಾಗೆ ಆಯಿತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡರು. ಎಡಗಣ್ಣಿನ ಕೆಳರೆಪ್ಪೆ ಸುಟ್ಟು ಜಗ್ಗಿಕೊಂಡಿತು, ಆ ಕಣ್ಣಿಂದ ಇವತ್ತಿಗೂ ನೀರು ಸುರಿಯುತ್ತದೆ. ಗಂಡಿನವರು ಬೇರೆ ಮನೆ ನೋಡಿಕೊಂಡರು.

ಪುಟ್ಟಗೌರಮ್ಮ ನನ್ನ ಮೇಲೆ ಕೂಗಾಡಲಿಲ್ಲ. ಆದರೆ ಮಗಳು ಆಸ್ಪತ್ರೆ ಸೇರಿದ ಮರುದಿನ ಬೆಳಿಗ್ಗೆ ಕನ್ನಡಿ ನೋಡಿಕೊಂಡರೆ ನನ್ನ ಕಣ್ಣಡಿಯಲ್ಲಿ ಕಾಡಿಗೆ ಚೆಲ್ಲಿದ ಹಾಗೆ ಕಪ್ಪು ಕಟ್ಟಿತ್ತು. ಹತ್ತೊಂಬತ್ತು ವರ್ಷ ಬೇರೆಯವರ ಮುಖದಲ್ಲಿ ನೋಡಿದ್ದನ್ನು ಈಗ ನನ್ನ ಮುಖದಲ್ಲೇ ನೋಡಿದೆ. ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಕಪಾಟು ತೆಗೆದೆ, ಅದೇ ಮುಲಾಮನ್ನು ತೆಳ್ಳಗೆ ಹಚ್ಚಿಕೊಂಡೆ. ಉರಿಯಿತು. ಮೂರು ದಿನದಲ್ಲಿ ನನ್ನ ಮುಖವೂ ತೊಳೆದ ತಟ್ಟೆಯಾಯಿತು.

ಆ ವಾರವೇ ಅನಸೂಯ ಮೇಡಂ ಮಹಡಿ ಹತ್ತಿ ಬಂದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ನಲವತ್ತರ ಆಸುಪಾಸು, ಎತ್ತರದ ಹೆಂಗಸು. ಗೌತಮಿ ಅವರ ಹಳೆಯ ವಿದ್ಯಾರ್ಥಿನಿ.

“ಆ ಹುಡುಗಿಗೆ ಹಚ್ಚಿದ ಡಬ್ಬೀನೇ ಬೇಕಿತ್ತು. ಇದೆಯಾ?” ಎಂದು ಕೇಳಿದರು.

“ಯಾಕೆ ಮೇಡಂ?”

“ಏನು ಹಾಕಿದಾರೆ ಅಂತ ನೋಡ್ತೀನಿ. ನಿಮಗೆ ಗೊತ್ತಾ, ಏನು ಹಾಕಿದಾರೆ ಅಂತ?”

“ಇಲ್ಲ.”

“ಗೊತ್ತಿಲ್ದೇನೇ ಹಚ್ಚಿದ್ರಾ?”

ಸಿಟ್ಟಿನಿಂದ ಕೇಳಿದ್ದರೆ ಜಗಳವಾಡಬಹುದಿತ್ತು. ಅವರು ತರಗತಿಯಲ್ಲಿ ಪ್ರಶ್ನೆ ಕೇಳಿದ ಹಾಗೆ ಕೇಳಿ, ಉತ್ತರಕ್ಕೆ ಕಾದರು. ನಾನು ಡಬ್ಬಿ ತೆಗೆದುಕೊಟ್ಟೆ.

ಶಾಲೆಯ ಪ್ರಯೋಗಶಾಲೆಯಲ್ಲಿ ಅವರು ಮುಲಾಮನ್ನು ಆಮ್ಲದಲ್ಲಿ ಕಲಕಿ, ಅದರಲ್ಲಿ ತಾಮ್ರದ ತಂತಿ ಅದ್ದಿಟ್ಟರು. ತಂತಿ ಬೆಳ್ಳಿಯ ಹಾಗೆ ಹೊಳೆಯತೊಡಗಿತು. ಪಾದರಸ. ಐದು ಅಂಗಡಿಯಿಂದ ಐದು ಡಬ್ಬಿ ತಂದು ನೋಡಿದರು, ಐದೂ ಹಾಗೆಯೇ. ಮರುದಿನ ಶಾಲೆಯ ಗೇಟಿನ ಹೊರಗಿನ ಕಪ್ಪು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು: “ಶುಭ್ರನಯನದಲ್ಲಿ ಪಾದರಸವಿದೆ. ಅದು ಚರ್ಮವನ್ನು ಸುಡುತ್ತದೆ, ಒಳಗಿಳಿದು ಮೂತ್ರಪಿಂಡ ಕೆಡಿಸುತ್ತದೆ. ಯಾರೂ ಹಚ್ಚಬೇಡಿ.” ಕೆಳಗೆ ತಮ್ಮ ಹೆಸರು ಬರೆದು, ಐದು ತಂತಿಗಳನ್ನು ದಾರಕ್ಕೆ ಕಟ್ಟಿ ಹಲಗೆಗೆ ತೂಗುಹಾಕಿದರು.

ಸಂಜೆಯೊಳಗೆ ಊರೆಲ್ಲ ಓದಿತು. ಶ್ರೀಕಂಠಪ್ಪನವರೂ ಓದಿದರು. ಅವರ ನಿದ್ದೆ ಹಾರಿಹೋಯಿತು ಎಂಬುದು ಊರಿಗೆ ತಿಳಿದದ್ದು ಅನಸೂಯ ಮೇಡಂ ಮುಖದಿಂದ. ಬೆಳಿಗ್ಗೆ ಅವರ ಎರಡೂ ಕಣ್ಣಡಿಯಲ್ಲಿ ಕಪ್ಪು. ಎರಡನೇ ದಿನ ಇನ್ನಷ್ಟು. ಸೋಮವಾರದ ಹೊತ್ತಿಗೆ ಕೆನ್ನೆಯ ಮೂಳೆಯ ತನಕ ಇಳಿದಿತ್ತು. ಹೆಡ್‌ಮಾಸ್ಟರು ನರಹರಿ ಮೇಷ್ಟ್ರು ಸಾಧು ಮನುಷ್ಯ. ಕಿಟಕಿಯ ಹತ್ತಿರ ಅವರ ಮುಖ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, “ಏನಮ್ಮ ಮಾಡ್ಲಿ, ನಿಯಮ” ಎಂದರಂತೆ. ಅನಸೂಯ ಮೇಡಂ ಚೀಲ ತೆಗೆದುಕೊಂಡು ಮನೆಗೆ ಹೋದರು.

ಊರಿನ ಮಾತು ಒಂದೇ ದಿನಕ್ಕೆ ಮಗುಚಿತು. “ಅಧ್ಯಕ್ಷರ ಮುಖ ನೋಡಿ, ಹಾಲಿನ ಹಾಗಿದೆ. ಇವಳ ಮುಖ ನೋಡಿ. ತಪ್ಪು ಯಾರದು ಅಂತ ಕಣ್ಣೇ ಹೇಳಲ್ವಾ?” ಎಂದು ನನ್ನ ಕುರ್ಚಿಯಲ್ಲಿ ಕೂತೇ ಹೆಂಗಸರು ಹೇಳಿದರು. ಹಾಗೆ ಹೇಳಿದವರಲ್ಲಿ ಮೂವರಿಗೆ ನಾನೇ ಆವತ್ತು ಶುಭ್ರನಯನ ಹಚ್ಚಿದ್ದೆ. ನನ್ನ ಮುಖದಲ್ಲೂ ಅದೇ ಇತ್ತು. ಮುಂದಿನವರನ್ನು ಕುರ್ಚಿಗೆ ಕರೆದೆ.

ಪುರಭವನದಲ್ಲಿ ಮೇಡಂ ಮೇಲಿನ ವಿಚಾರಣೆಗೆ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ಹತ್ತಕ್ಕೆ ಅನಸೂಯ ಮೇಡಂ ಮತ್ತೆ ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕೂತರು. ಕಪ್ಪಿಗೆ ಮದ್ದು ಕೇಳುತ್ತಾರೇನೋ ಅಂದುಕೊಂಡು ಹಾಲಿನ ಬಟ್ಟಲು ತೆಗೆದೆ.

“ಅದು ಬೇಡ. ಹುಬ್ಬು ತೀಡಿ. ಸಭೆಗೆ ಹೋಗ್ಬೇಕು, ಚೆನ್ನಾಗಿ ಕಾಣ್ಬೇಕು” ಎಂದರು.

ದಾರ ಹಿಡಿದು ಹುಬ್ಬು ತೀಡುವಾಗ ಅವರ ಮುಖಕ್ಕೂ ನನ್ನ ಮುಖಕ್ಕೂ ಗೇಣು ದೂರ. ಅಷ್ಟು ಗಾಢ ಕಪ್ಪನ್ನು ನಾನು ಯಾರಲ್ಲೂ ನೋಡಿರಲಿಲ್ಲ. “ನಿಮಗೆ ನಾಚಿಕೆ ಆಗಲ್ವಾ ಮೇಡಂ?” ಎಂದು ಕೇಳಿಬಿಟ್ಟೆ.

“ಯಾಕೆ ನಾಚಿಕೆ? ಇದು ನನ್ನಿಂದ ಒಬ್ಬರಿಗೆ ನಿದ್ದೆ ಬಂದಿಲ್ಲ ಅಂತ ಹೇಳತ್ತೆ. ಅವರು ಮಲಗೋ ಹಾಗೆ ಇದ್ರಾ ಇಲ್ವಾ ಅಂತ ಹೇಳಲ್ಲ. ಅದನ್ನ ನಾವೇ ಯೋಚನೆ ಮಾಡ್ಬೇಕು, ಕಣ್ಣು ಮಾಡಲ್ಲ” ಎಂದು ಕನ್ನಡಿಯಲ್ಲಿ ಹುಬ್ಬು ನೋಡಿಕೊಂಡು, “ಎಡಗಡೆ ಇನ್ನೊಂದು ಎಳೆ ತೆಗೀರಿ” ಎಂದರು.

ಪುರಭವನ ಕಿಕ್ಕಿರಿದಿತ್ತು. ನನ್ನನ್ನೂ ಕರೆಸಿ ವೇದಿಕೆಯ ಮೇಲೆ ಕೂರಿಸಿದ್ದರು, ಏಕೆಂದು ಅಲ್ಲಿಯ ತನಕ ತಿಳಿದಿರಲಿಲ್ಲ. ಶ್ರೀಕಂಠಪ್ಪನವರು ವೇದಿಕೆಯ ಮೇಲೆ ನಿಂತು ಬಹಳ ಮೆತ್ತಗೆ ಮಾತಾಡಿದರು. ಮೇಡಂ ಮೇಲೆ ತಮಗೆ ದ್ವೇಷವಿಲ್ಲ, ಹಲಗೆಯ ಬರಹ ಒರೆಸಿದರೆ ಸಾಕು, ಕೆಲಸವೂ ಉಳಿಯುತ್ತದೆ ಎಂದರು. “ಮುಖದ ಕಪ್ಪಿಗೂ ಯೋಚನೆ ಮಾಡ್ಬೇಡಿ. ವನಜಾಕ್ಷಮ್ಮನವರು ಇಲ್ಲೇ ಇದಾರೆ. ಎಲ್ಲರ ಮುಂದೆ ನಮ್ಮ ಮುಲಾಮು ಹಚ್ತಾರೆ, ಮೂರು ದಿನದಲ್ಲಿ ಪಾಠಕ್ಕೆ ಹೋಗಿ” ಎಂದು ನನ್ನ ಕೈಗೆ ಹೊಸ ಡಬ್ಬಿ ಕೊಟ್ಟರು.

ಅನಸೂಯ ಮೇಡಂ ಎದ್ದರು. “ನಿಮ್ಮ ನಿದ್ದೆ ಕೆಡಿಸಿದ್ದು ನಾನೇ. ಒಪ್ಕೋತೀನಿ. ಆ ಡಬ್ಬಿ ಅಂಗಡೀಲಿ ಇರೋವರೆಗೂ ಕೆಡಿಸ್ತೀನಿ. ಒಂದು ಮಾತು ಕೇಳ್ತೀನಿ. ಹದಿನೈದು ದಿನ ನಾನು ಮುಖಕ್ಕೆ ಏನೂ ಹಚ್ಚಲ್ಲ. ನೀವೂ ಹಚ್ಚಬೇಡಿ. ಆಮೇಲೆ ಇಬ್ಬರೂ ಇಲ್ಲಿನ ಪೂರ್ವದ ಕಿಟಕಿ ಹತ್ರ ನಿಂತ್ಕೊಳ್ಳೋಣ. ಆಗುತ್ತಾ?”

ಶ್ರೀಕಂಠಪ್ಪನವರು ನಕ್ಕರು. “ನನಗ್ಯಾಕಮ್ಮ ಪರೀಕ್ಷೆ? ನನ್ನ ಮುಖ ಊರಿಗೇ ಗೊತ್ತು.”

“ಗೊತ್ತಿರೋ ಮುಖ ತೋರ್ಸೋಕೆ ಏನು ಕಷ್ಟ?”

ಅವರು ನನ್ನತ್ತ ತಿರುಗಿ, “ಹಚ್ಚಮ್ಮ” ಎಂದರು. ಇಡೀ ಪುರಭವನ ನನ್ನ ಕೈ ನೋಡುತ್ತಿತ್ತು. ಹಿಂದಿನ ಸಾಲಿನಲ್ಲಿ ಪುಟ್ಟಗೌರಮ್ಮ ಕೂತಿದ್ದಳು, ಪಕ್ಕದಲ್ಲಿ ಗೌತಮಿ. ಹುಡುಗಿ ಎಡಗಣ್ಣನ್ನು ಕರವಸ್ತ್ರದಲ್ಲಿ ಒತ್ತಿಕೊಂಡು, ಇನ್ನೊಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದವಳು ಹಾಗೆಯೇ ಮುಚ್ಚಿದೆ. ಇಡೀ ಸಭೆಗೆ ಕೇಳುವ ಹಾಗೆ ಹೇಳಿದೆ.

“ನಾನು ಹಚ್ಚಲ್ಲ. ಗೌತಮಿಗೆ ಹಚ್ಚಿದ್ದು ನಾನು. ಅವಳು ಬೇಡ ಅಂದಿದ್ಲು, ಆದ್ರೂ ಹಚ್ಚಿದೆ. ಪುಟ್ಟಗೌರಮ್ಮನ ನಿದ್ದೆ ಕೆಟ್ಟಿದ್ದಕ್ಕೆ ನನ್ನ ಕಣ್ಣೂ ಕಪ್ಪಾಗಿತ್ತು. ಇದನ್ನೇ ಹಚ್ಚಿ ಅಳಿಸ್ಕೊಂಡಿದೀನಿ. ಇವತ್ತಿಂದ ನಂದೂ ಬರ್ಲಿ, ಎಲ್ರೂ ನೋಡ್ಲಿ.”

ಡಬ್ಬಿಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು ಇಳಿದುಬಂದೆ. ನೇರ ಪುಟ್ಟಗೌರಮ್ಮನ ಹತ್ತಿರ ಹೋಗಿ ಕೈಮುಗಿದೆ. ಅವಳು ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.

ಮರುದಿನವೇ ಪಾರ್ಲರಿನ ಅನುಮತಿ ರದ್ದೆಂದು ಪುರಸಭೆಯ ನೋಟೀಸು ಬಂತು. ನಾನು ಬಾಗಿಲು ಮುಚ್ಚಲಿಲ್ಲ. ಕಪಾಟಿನ ಡಬ್ಬಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಹೊತ್ತುಕೊಂಡು ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಸುರಿದೆ. ಅದನ್ನು ನೋಡಿದ ತರಕಾರಿಯವಳು ಸೊಂಟದ ಚೀಲದಿಂದ ತನ್ನ ಡಬ್ಬಿ ತೆಗೆದು ಎಸೆದಳು. ಎರಡು ದಿನದಲ್ಲಿ ಗೇಟು ತೆಗೆಯಲಾಗದಷ್ಟು ತಗಡು ಬಿದ್ದಿತು. ಶ್ರೀಕಂಠಪ್ಪನವರ ನಿದ್ದೆಯ ಗತಿ ಏನಾಯಿತೋ ಹೇಳಬೇಕಾಗಿಲ್ಲ, ಡಬ್ಬಿ ಎಸೆದವರೆಲ್ಲರ ಕಣ್ಣಡಿಯೂ ಕಪ್ಪಾಯಿತು. ಸಂತೆಯಲ್ಲಿ ಒಬ್ಬರನ್ನೊಬ್ಬರು ನೋಡಿದ ಹೆಂಗಸರಿಗೆ, “ನಿಂದು ಇಷ್ಟೇನಾ? ನಂದು ನೋಡು” ಎಂದು ನಗುವಷ್ಟು ಧೈರ್ಯ ಬಂತು. ನನ್ನ ಕಪ್ಪೂ ಮರಳಿ ಬಂತು. ಅದರಲ್ಲಿ ಪುಟ್ಟಗೌರಮ್ಮನ ಪಾಲೆಷ್ಟು, ಅಧ್ಯಕ್ಷರ ಪಾಲೆಷ್ಟು ಎಂದು ಬೇರೆ ಮಾಡಲು ನನ್ನ ಇಷ್ಟು ವರ್ಷದ ಅನುಭವಕ್ಕೂ ಆಗಲಿಲ್ಲ.

ಸೋಮವಾರ ಹೈಸ್ಕೂಲಿನಲ್ಲಿ ಕಿಟಕಿ ನೋಡುವ ಹೊತ್ತಿಗೆ ಹನ್ನೊಂದು ಮೇಡಂಗಳು ಸಾಲಾಗಿ ನಿಂತಿದ್ದರು, ಹನ್ನೊಂದು ಮುಖದಲ್ಲೂ ಕಪ್ಪು. ಹನ್ನೆರಡನೆಯವರಾಗಿ ಅನಸೂಯ ಮೇಡಂ ಬಂದು ನಿಂತರು. ನರಹರಿ ಮೇಷ್ಟ್ರು ಒಂದೊಂದೇ ಮುಖ ನೋಡುತ್ತ ಕೊನೆಯ ತನಕ ಹೋಗಿ, “ಎಲ್ರನ್ನೂ ಮನೆಗೆ ಕಳಿಸಿದ್ರೆ ಪಾಠ ಯಾರಮ್ಮ ಮಾಡ್ತಾರೆ?” ಎಂದು ತಲೆ ಕೆರೆದುಕೊಂಡರಂತೆ. “ನಾವೇ ಮಾಡ್ತೀವಿ ಸಾರ್. ಹೊತ್ತಾಯ್ತು, ಗಂಟೆ ಹೊಡೆಸಿ” ಎಂದರಂತೆ ಅನಸೂಯ ಮೇಡಂ. ಮೇಷ್ಟ್ರು ತಾವೇ ಹೋಗಿ ಗಂಟೆ ಹೊಡೆದರು. ಆಮೇಲೆ ಕಿಟಕಿಗೆ ಪರದೆ ಹಾಕಿಸಿದರು.

ಒಂದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಪಾರ್ಲರಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಶ್ರೀಕಂಠಪ್ಪನವರು ಬಂದರು. ತಲೆಗೆ ಟವೆಲು ಹೊದ್ದಿದ್ದರು. ತೆಗೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಪ್ಪು ಕಣ್ಣಡಿಯಿಂದ ಕೆನ್ನೆಗೆ, ಕೆನ್ನೆಯಿಂದ ದವಡೆಗೆ ಇಳಿದಿತ್ತು, ನಡುನಡುವೆ ಚರ್ಮ ಸುಲಿದು ಕೆಂಪಾಗಿತ್ತು. ಮುಲಾಮನ್ನು ದಿನಕ್ಕೆ ನಾಲ್ಕೈದು ಸಲ ಹಚ್ಚುತ್ತಿದ್ದರಂತೆ, ಇನ್ನು ತಡೆಯಲಾಗದೆ ಬಿಟ್ಟಿದ್ದರು. “ನಿದ್ದೆ ಇಲ್ಲಮ್ಮ. ಮುಖ ಹೀಗೆ. ಏನಾದ್ರೂ ಮಾಡು” ಎಂದು ಕುರ್ಚಿಯಲ್ಲಿ ಕುಸಿದರು.

ಸುಲಿದ ಕಡೆ ತಣ್ಣೀರಿನಿಂದ ಒರೆಸಿದೆ. ಮನಸ್ಸು ಬೇಡವೆಂದರೂ ಕೈ ತನ್ನ ಕೆಲಸ ಮಾಡಿತು. “ಇದಕ್ಕೆ ಡಾಕ್ಟರಿಗೆ ತೋರ್ಸಿ. ಕಪ್ಪಿಗೆ ನನ್ನ ಹತ್ರ ಇರೋದು ಹಳೇ ಮದ್ದು. ಯಾರ ನಿದ್ದೆ ಕೆಡಿಸಿದೀರಿ?”

ಅವರು ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ, “ಗಿರಣಿಯವಳು” ಎಂದರು.

“ಹಂಗಾದ್ರೆ ಅಲ್ಲಿಂದ ಶುರು ಮಾಡಿ. ಟವೆಲು ಇಲ್ಲೇ ಬಿಟ್ಟು ಹೋಗಿ.”

ಬಿಟ್ಟು ಹೋಗುತ್ತಾರೆಂದು ನಾನು ನಂಬಿರಲಿಲ್ಲ. ಬಿಟ್ಟು ಹೋದರು. ನಾನೂ ಹಿಂದೆಯೇ ಹೋದೆ. ಗಿರಣಿಯ ಮುಂದೆ ರಾಗಿ, ಗೋಧಿಯ ಡಬ್ಬ ಹಿಡಿದು ಹದಿನೈದಿಪ್ಪತ್ತು ಜನ ಸಾಲು ನಿಂತಿದ್ದರು. ಅಧ್ಯಕ್ಷರ ಮುಖ ನೋಡಿ ಸಾಲು ತಾನಾಗಿ ದಾರಿ ಬಿಟ್ಟುಕೊಟ್ಟಿತು. ಪುಟ್ಟಗೌರಮ್ಮ ತಲೆ, ಹುಬ್ಬೆಲ್ಲ ಹಿಟ್ಟಾಗಿ ಯಂತ್ರದ ಬಾಯಿಗೆ ಕಾಳು ಸುರಿಯುತ್ತಿದ್ದಳು. ಗೌತಮಿ ಕೆಳಗೆ ಹಿಟ್ಟು ಹಿಡಿಯುತ್ತಿದ್ದಳು. ಶ್ರೀಕಂಠಪ್ಪನವರು ಏನೋ ಹೇಳಿದರು, ಗಿರಣಿಯ ಸದ್ದಿಗೆ ತುಟಿಯಾಡಿದ್ದಷ್ಟೇ ಕಂಡಿತು. ಇನ್ನೊಮ್ಮೆ ಹೇಳಿದರು.

ಪುಟ್ಟಗೌರಮ್ಮ ಯಂತ್ರ ನಿಲ್ಲಿಸಲಿಲ್ಲ. “ಕಾಳು ಹಾಕ್ಬಿಟ್ಟಿದೀನಿ ಸ್ವಾಮಿ, ನಿಲ್ಸೋಕಾಗಲ್ಲ. ಜೋರಾಗ್ ಹೇಳಿ!” ಎಂದು ಕೂಗಿದಳು.

ಅಧ್ಯಕ್ಷರು ಸಾಲಿನ ಕಡೆ ನೋಡಿದರು, ಗೌತಮಿಯ ಕಡೆ ನೋಡಿದರು. ಗಂಟಲು ಹರಿದುಹೋಗುವ ಹಾಗೆ ಕೂಗಿದರು: “ತಪ್ಪಾಯ್ತು! ಗೊತ್ತಿದ್ದೂ ಮಾಡಿದೆ! ನಿಮ್ಮ ಮಗಳ ಕಣ್ಣು ನನ್ನಿಂದ ಹಾಳಾಯ್ತು!”

“ಇನ್ನೊಂದ್ಸಲ ಹೇಳಿ” ಎಂದಳು ಗೌತಮಿ. “ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ.”

ಇನ್ನೊಂದು ಸಲ ಹೇಳಿದರು. ಆ ವಾರ ಮುಲಾಮಿನ ಕಡಾಯಿಗಳನ್ನು ಲಾರಿಗೆ ಹೇರಿ ಊರಾಚೆ ಕಳಿಸಿದರು. ಗೌತಮಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ಖರ್ಚನ್ನು ತಾವೇ ಹೊರುವುದಾಗಿ ಹೇಳಿದರು. ಪುಟ್ಟಗೌರಮ್ಮ ಬೇಡವೆನ್ನಲಿಲ್ಲ, ಉಪಕಾರವೆಂದೂ ಹೇಳಲಿಲ್ಲ. ರೆಪ್ಪೆ ಸ್ವಲ್ಪ ಸರಿಹೋಯಿತು, ನೀರು ನಿಲ್ಲಲಿಲ್ಲ. ಬೇಡವೆಂದ ಗಂಡನ್ನು ಬೇಡವೆಂದೇ ಇಟ್ಟು ಹುಡುಗಿ ಈಗ ಗಿರಣಿಯನ್ನು ತಾನೇ ನಡೆಸುತ್ತಾಳೆ. ಅವಳ ಅಮ್ಮ ಮಧ್ಯಾಹ್ನ ಊಟವಾದ ಮೇಲೆ, ಆ ಸದ್ದಿನಲ್ಲೇ, ಮೂಟೆಗೊರಗಿ ಗೊರಕೆ ಹೊಡೆಯುತ್ತಾಳೆ.

ಶ್ರೀಕಂಠಪ್ಪನವರಿಗೆ ನಿದ್ದೆ ಬರತೊಡಗಿತು. ಊರಿನ ಹೆಂಗಸರ ಮುಖ ಒಂದೊಂದಾಗಿ ತಿಳಿಯಾಯಿತು. ಎಲ್ಲರಿಗಿಂತ ಕೊನೆಗೆ ಅನಸೂಯ ಮೇಡಂ ಕಪ್ಪು ಮಾಸಿ, ಬೂದಿಯ ಗೆರೆಯಷ್ಟು ಉಳಿಯಿತು. ಮೊನ್ನೆ ಹುಬ್ಬಿಗೆ ಬಂದಿದ್ದರು. ಸೌತೆಕಾಯಿ ಹೆಚ್ಚಿಟ್ಟಿದ್ದೆ. “ಎರಡು ಬಿಲ್ಲೆ ಇಡ್ತೀನಿ ಮೇಡಂ, ಇದೊಂಚೂರೂ ಹೋಗ್ಬಿಡತ್ತೆ” ಎಂದೆ.

ಅವರು ಬಟ್ಟಲಿನಿಂದ ಒಂದು ಬಿಲ್ಲೆ ತೆಗೆದು ಬಾಯಿಗೆ ಹಾಕಿಕೊಂಡರು.

“ಸುಮ್ನೆ ಯಾಕೆ ವನಜಕ್ಕ? ಆಸ್ಪತ್ರೆ ಔಷಧಿ ಕೋಣೆಗೆ ಎರಡು ವರ್ಷದಿಂದ ಬೀಗ ಹಾಕಿದಾರೆ. ನಾಳೆ ಹೋಗಿ ತೆಗೆಸ್ಬೇಕು” ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವೂ ಬನ್ನಿ” ಎಂದರು.